ಬಾಲ ಕತ್ತರಿಸುವ ವೆತಕ್ಕ

ನಮ್ಮ ಊರಿನ ನರ್ಸಿಂಗ್ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದ ವೆತುರಿಯಾ ಗ್ಲಿಗಾ, ನಮಗೆಲ್ಲ ವೆತಕ್ಕ, ಅವರ ಹೆಸರೆತ್ತಿದರೆ ಸಾಕು, ಜನ ಮೊದಲು ನಗುತ್ತಾರೆ. ಆಕೆ ಬೆಟ್ಟದಾಚೆಯವರು. ಕಾರ್ಪಾಥಿಯನ್ ಬೆಟ್ಟಗಳಾಚೆ ಟ್ರಾನ್ಸಿಲ್ವೇನಿಯಾದವರು ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಈಚೆ ಮೊಲ್ದಾವಿಯಾದ ನಾವು ಉಂಡು ಕೈ ತೊಳೆದಿರುತ್ತೇವೆ ಎಂಬುದು ನಮ್ಮ ಕಡೆಯ ಹಳೇ ಗೇಲಿ. ರೈಲ್ವೆಯಲ್ಲಿದ್ದ ಗಂಡನ ಹಿಂದೆ ಇಪ್ಪತ್ತೆರಡನೇ ವಯಸ್ಸಿಗೆ ಸಿರೆತ್ ನದಿಯ ದಂಡೆಗೆ ಬಂದವರು ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಆದರೆ ಮಾತಿನ ಆ ಎಳೆತ ಬಿಡಲಿಲ್ಲ. "ಅಲ್ಲಾ... ನೋಡೀ..." ಎಂದು ಶುರು ಮಾಡಿದರೆಂದರೆ ಕಚೇರಿಯ ಕಿಟಕಿ ಮುಂದೆ ಸಾಲು ನಿಂತವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ನಾನೂ ನಕ್ಕವನೇ. ಅದೇ ಶಾಲೆಯ ಕಂಪ್ಯೂಟರ್ ಮೇಷ್ಟ್ರು ನಾನು. ನಗುವುದಕ್ಕಿಂತ ಹೆಚ್ಚಿನದನ್ನೂ ಮಾಡಿದ್ದೇನೆ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಪ್ರವೇಶ ಪರೀಕ್ಷೆ. ಇರುವುದು ಇಪ್ಪತ್ತೆಂಟು ಜಾಗ, ಬರೆಯುವವರು ನೂರೈವತ್ತರ ಹತ್ತಿರ. ಅಂಗರಚನೆ ಒಂದು ಪತ್ರಿಕೆ, ರಸಾಯನಶಾಸ್ತ್ರ ಇನ್ನೊಂದು. ಅಂಕ ಹತ್ತಕ್ಕೆ ಇಷ್ಟು ಅಂತ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಸರಾಸರಿ. ಈ ಸರಾಸರಿಗೆ ಒಂದು ನಿಯಮವಿದೆ: ಬಿಂದುವಿನ ಆಚೆ ಎರಡೇ ಅಂಕಿ, ದುಂಡು ಮಾಡುವಂತಿಲ್ಲ. 8.195 ಬಂದರೆ ಅದು 8.20 ಆಗುವುದಿಲ್ಲ, 8.19 ಅಷ್ಟೇ. ಮೂರನೇ ಅಂಕಿಯನ್ನು ಕತ್ತರಿಸಿ ಬಿಸಾಡಬೇಕು. ಬೇರೆ ದೇಶಗಳಲ್ಲಿ ಹೇಗೋ ಗೊತ್ತಿಲ್ಲ, ಇಲ್ಲಿ ಹತ್ತು ವರ್ಷದ ಮಗುವಿಗೂ ಈ ನಿಯಮ ಗೊತ್ತು. ನೂರನೇ ಒಂದು ಭಾಗದಲ್ಲಿ ಹೋಯಿತು ಎಂದು ಒಮ್ಮೆಯಾದರೂ ಅಳದ ಮನೆ ನಮ್ಮ ಬೀದಿಯಲ್ಲಿಲ್ಲ.

ವೆತಕ್ಕ ಈ ಕೆಲಸವನ್ನು ಚೌಕುಳಿ ಹಾಳೆಯ ಮೇಲೆ, ನೇರಳೆ ಪೆನ್ಸಿಲಿನಲ್ಲಿ ಮಾಡುತ್ತಿದ್ದರು. ಕೂಡುವುದು, ಅರ್ಧ ಮಾಡುವುದು, ಮೂರನೇ ಅಂಕಿಯ ಮೇಲೆ ಮರದ ಅಳತೆಗೋಲು ಇಟ್ಟು ಮುಚ್ಚುವುದು. "ಬಾಲ ಕಟ್" ಎಂದು ತಮಗೆ ತಾವೇ ಹೇಳಿಕೊಳ್ಳುವರು. ಅಂಕಗಳ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ, ಇನ್ನೊಮ್ಮೆ ಕೆಳಗಿನಿಂದ ಮೇಲೆ. ಎರಡೂ ಸಲ ತಾಳೆಯಾದ ಮೇಲೆಯೇ ಅಡಿಯಲ್ಲಿ "ಸರಾಸರಿ ಪರಿಶೀಲಿಸಿದೆ" ಎಂದು ಬರೆದು ಸಹಿ. ಅಷ್ಟಾಗುವ ತನಕ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಪಕ್ಕದ ಹಳ್ಳಿಯ ಪಾದ್ರಿ ತನ್ನ ತಂಗಿಯ ಮಗಳಿಗಾಗಿ ಹೆಬ್ಬಾತು ಹಿಡಿದುಕೊಂಡು ಬಂದಿದ್ದ. ವೆತಕ್ಕ ಹಕ್ಕಿಯನ್ನು ಸುತ್ತ ನೋಡಿ, "ಅಲ್ಲಾ ಪಾದ್ರಿಗಳೇ... ಇದಕ್ಕೂ ಬಾಲ ಇದೆಯಲ್ಲಾ. ಕತ್ತರಿಸ್ಲಾ?" ಎಂದರು. ಪಾದ್ರಿ ಬಂದ ದಾರಿ ಹಿಡಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಆಕೆಯ ಪಟ್ಟಿಯಲ್ಲಿ ಒಂದು ತಪ್ಪು ಹಿಡಿದವರಿಲ್ಲ.

ಈ ನಿಧಾನದ ಮೇಲೆ ನಾನು ನನ್ನ ಪ್ರೋಗ್ರಾಮ್ ತಂದು ಹೇರಿದೆ. ಯಾರೂ ಕೇಳಿರಲಿಲ್ಲ. ಆಗ ನನಗೆ ಮೂವತ್ತೆರಡು, ತಲೆಯ ಮೇಲೆ ಎರಡು ಕೋಡು ಮೂಡಿದ್ದ ವಯಸ್ಸು. ವೆಬ್ ಪುಟಗಳನ್ನು ಕಟ್ಟುವ ಭಾಷೆಯಲ್ಲಿ ಗಣಿತದ ಕೆಲಸಗಳಿಗೆಲ್ಲ ಸಿದ್ಧ ಫಂಕ್ಷನ್‌ಗಳಿರುತ್ತವೆ. ನೀವು ಏನೂ ಕಟ್ಟಬೇಕಾಗಿಲ್ಲ, ಹೆಸರು ಹಿಡಿದು ಕರೆದರೆ ಬರುತ್ತವೆ. ಮ್ಯಾಕ್ಸ್ ಎಂದರೆ ಗುಂಪಿನಲ್ಲಿ ದೊಡ್ಡದನ್ನು ಎತ್ತಿ ಕೊಡುತ್ತದೆ, ಮಿನ್ ಚಿಕ್ಕದನ್ನು. ರೌಂಡ್ ದುಂಡು ಮಾಡುತ್ತದೆ. ಸೀಲ್ ಮೇಲಕ್ಕೆ ಏರಿಸುತ್ತದೆ, ಫ್ಲೋರ್ ನೆಲಕ್ಕೆ ಇಳಿಸುತ್ತದೆ. ನನಗೆ ಇವುಗಳ ಮೇಲೆ ಮೋಹ. ತರಗತಿಯಲ್ಲಿ ಇವುಗಳ ಹೆಸರು ಹೇಳುವಾಗ ನನ್ನ ದನಿಯೇ ಬದಲಾಗುತ್ತಿತ್ತಂತೆ, ಹುಡುಗಿಯರು ಆಡಿಕೊಳ್ಳುತ್ತಿದ್ದರು.

ನಿಯಮ ದುಂಡು ಮಾಡಬೇಡ ಎನ್ನುತ್ತದೆ, ಆದ್ದರಿಂದ ರೌಂಡ್ ಬೇಡ. ಸರಾಸರಿಯನ್ನು ನೂರರಿಂದ ಗುಣಿಸು, ಫ್ಲೋರ್ ಕರೆದು ಬಾಲ ಕತ್ತರಿಸು, ಮತ್ತೆ ನೂರರಿಂದ ಭಾಗಿಸು. ಒಂದೇ ಸಾಲು. ನೂರ ನಲವತ್ತಮೂರು ಸರಾಸರಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಡೈರೆಕ್ಟರ್ ಹುಶಾನು ನನ್ನನ್ನು ಅಪ್ಪಿಕೊಂಡರು. ಆ ಹುಮ್ಮಸ್ಸಿನಲ್ಲಿ ನಾನೇ ಸೂಚಿಸಿದೆ: ಇನ್ನು ಪಟ್ಟಿಯ ಅಡಿಯಲ್ಲಿ ಕಾರ್ಯದರ್ಶಿಯ ಪರಿಶೀಲನೆ ಬೇಡ, "ಪ್ರೋಗ್ರಾಮ್ ಲೆಕ್ಕ ಹಾಕಿದೆ" ಎಂದು ಅಚ್ಚಾದರೆ ಸಾಕು.

"ಅಲ್ಲಾ ಮೇಷ್ಟ್ರೇ... ಯಂತ್ರ ಲೆಕ್ಕ ಹಾಕ್ಲಿ, ಬೇಡ ಅನ್ನಲ್ಲ. ಯಂತ್ರಾನ ಪರಿಶೀಲಿಸೋರು ಯಾರು?" ಎಂದರು ವೆತಕ್ಕ.

"ಅದಕ್ಕೆ ಪರಿಶೀಲನೆ ಬೇಡ ವೆತಕ್ಕ. ಅದು ಬೆಟ್ಟದಾಚೆಯದ್ದಲ್ಲ" ಎಂದೆ.

ಇಡೀ ಕಚೇರಿ ನಕ್ಕಿತು. ಆಕೆಯೂ ನಕ್ಕರು, ಸ್ವಲ್ಪ ತಡವಾಗಿ.

ಆ ವರ್ಷ ಪರೀಕ್ಷೆ ಬರೆದವರಲ್ಲಿ ಒತಿಲಿಯಾ ಪ್ರಾಲೆಯಾ ಎಂಬವಳಿದ್ದಳು. ವಯಸ್ಸು ಮೂವತ್ತಾರು. ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲಿ ನೆಲ ಒರೆಸುವುದು, ರೋಗಿಗಳ ಬಟ್ಟೆ ಬದಲಿಸುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಸಂಜೆ ಶಾಲೆಯಲ್ಲಿ ಓದಿ ಹೈಸ್ಕೂಲು ಮುಗಿಸಿದ್ದಳು. ಮುದುಕರ ತೋಳಿನಲ್ಲಿ ನರ ಸಿಗದೆ ನರ್ಸುಗಳು ಬೆವರುವಾಗ ಅವಳು ಹಿಂದಿನಿಂದ "ಇನ್ನೊಂಚೂರು ಕೆಳಗೆ, ಎಡಕ್ಕೆ" ಎಂದು ತೋರಿಸುತ್ತಿದ್ದಳಂತೆ. ತೋರಿಸಬಹುದು, ಸೂಜಿ ಮುಟ್ಟುವಂತಿಲ್ಲ. ಸೂಜಿ ಮುಟ್ಟಬೇಕೆಂದರೆ ನಮ್ಮ ಶಾಲೆಯ ಕಾಗದ ಬೇಕು. ಇದು ಅವಳ ಮೂರನೇ ಪ್ರಯತ್ನ, ಕೊನೆಯದು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು.

ವೆತಕ್ಕನಿಗೆ ಅವಳ ಮೇಲೆ ಒಳಗೊಳಗೇ ಅಕ್ಕರೆ. ಎರಡು ಪಾಳಿಗಳ ನಡುವಿನ ಬಿಡುವಿನಲ್ಲಿ ಹಳೇ ಕಡತಗಳ ಕೋಣೆಯಲ್ಲಿ ಕೂತು ಓದಲು ಬಿಡುತ್ತಿದ್ದರು. ಬಾಗಿಲಲ್ಲಿ ನಿಂತು ಮೂಳೆಗಳ ಹೆಸರು ಕೇಳುವರು. ತಪ್ಪಿದರೆ, "ಹೋಗೇ, ಇನ್ನೊಂದ್ಸಲ ಓದು, ನಾನೇನೂ ಓಡೋಗಲ್ಲ" ಎಂದು ಗದರುವರು.

ಗುರುವಾರ ಬೆಳಿಗ್ಗೆ ಪಟ್ಟಿ ಗಾಜಿನ ಬಾಗಿಲ ಮೇಲೆ ಬಿತ್ತು. ಒತಿಲಿಯಾಗೆ ಅಂಗರಚನೆಯಲ್ಲಿ 9.20, ರಸಾಯನದಲ್ಲಿ 7.20. ಸರಾಸರಿಯ ಕಾಲಮಿನಲ್ಲಿ 8.19. ಇಪ್ಪತ್ತೆಂಟನೆಯವನದ್ದೂ 8.19. ಸಮಸಮ ಬಂದರೆ ಹೈಸ್ಕೂಲಿನ ಅಂಕ ನೋಡುವುದು ರೂಢಿ. ಸಂಜೆ ಶಾಲೆಯ ಅಂಕ ಎಷ್ಟೆಂದು ಇರುತ್ತದೆ? ಅವಳು ಇಪ್ಪತ್ತೊಂಬತ್ತನೆಯವಳಾದಳು. ಪಟ್ಟಿಯನ್ನು ಎರಡು ಸಲ ಓದಿ, ಕೈಚೀಲ ಹೆಗಲಿಗೇರಿಸಿ, ಪಾಳಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮಧ್ಯಾಹ್ನ ಮೂರಕ್ಕೆ ವೆತಕ್ಕ ನನ್ನ ಲ್ಯಾಬಿಗೆ ಬಂದರು. ಕೈಯಲ್ಲಿ ಚೌಕುಳಿ ಹಾಳೆಗಳು. ಯಾರೂ ಹೇಳದಿದ್ದರೂ ನೂರ ನಲವತ್ತಮೂರನ್ನೂ ಕೈಯಲ್ಲಿ ಮಾಡಿದ್ದರು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಮೇಷ್ಟ್ರೇ... ನಿಮ್ಮ ಯಂತ್ರಕ್ಕೆ ಯಾರೂ ಊಟ ಹಾಕಿಲ್ವಾ? ಅಂಕ ತಿಂತಾ ಇದೆ."

"ಏನಾಯ್ತು ವೆತಕ್ಕ?"

"ಒಂಬತ್ತು ಇಪ್ಪತ್ತು, ಏಳು ಇಪ್ಪತ್ತು. ಕೂಡಿದ್ರೆ ಹದಿನಾರು ನಲವತ್ತು. ಅರ್ಧ ಮಾಡಿದ್ರೆ ಎಂಟು ಇಪ್ಪತ್ತು. ಇಲ್ಲಿ ಬಾಲಾನೇ ಇಲ್ಲ, ಕತ್ತರಿಸೋಕೆ. ನೀವು ಎಂಟು ಹತ್ತೊಂಬತ್ತು ಅಂತ ಹಾಕಿದ್ದೀರಿ. ಇನ್ನೊಬ್ಬನದ್ದು ಎಂಟು ಇಪ್ಪತ್ತೆಂಟು, ಅದು ಎಂಟು ಇಪ್ಪತ್ತೇಳಾಗಿದೆ. ಅವನು ಹೆಂಗೂ ಒಳಗಿದ್ದಾನೆ ಬಿಡಿ. ಇವಳ ಕಥೆ ಏನು?"

ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆದು ಒತ್ತಿದೆ. 8.2 ಬಂತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಅಚ್ಚಾಗುವಾಗ ಏನೋ ಆಗಿರ್ಬೇಕು. ಲೆಕ್ಕ ತಪ್ಪೋದಿಲ್ಲ ವೆತಕ್ಕ. ಫ್ಲೋರ್ ಅನ್ನೋದು ಭಾಷೆಯಲ್ಲೇ ಇರೋ ಫಂಕ್ಷನ್. ಅದನ್ನ ಬರೆದವರು ನಮ್ಮ ನಿಮ್ಮಂಥವರಲ್ಲ."

"ಬರೆದವರು ಯಾರಾದ್ರೂ ಆಗ್ಲಿ. ಅವರಿಗೆ ಒತಿಲಿಯಾ ಗೊತ್ತಿಲ್ವಲ್ಲ" ಎಂದು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಆಕೆ ಹೋದ ಮೇಲೆ ನೋಡಿದೆ. 8.2ನ್ನು ನೂರರಿಂದ ಗುಣಿಸಿ, ಎಲ್ಲ ಅಂಕಿಗಳನ್ನೂ ತೋರಿಸು ಎಂದು ಕೇಳಿದೆ. ಪರದೆಯ ಮೇಲೆ 819.9999999999999 ಎಂದು ಬಂತು. ಹತ್ತನ್ನು ಮೂರು ಜನಕ್ಕೆ ಹಂಚಿದರೆ ಮೂರು ಬಿಂದು ಮೂರು ಮೂರು ಎಂದು ಬರೆಯುತ್ತಲೇ ಹೋಗಬೇಕು, ಎಲ್ಲೋ ಒಂದು ಕಡೆ ಪೆನ್ನು ಎತ್ತಲೇಬೇಕು. ಕಂಪ್ಯೂಟರ್ ಎಣಿಸುವುದು ಎರಡರ ಲೆಕ್ಕದಲ್ಲಿ, ಅದಕ್ಕೆ 8.2 ಎನ್ನುವುದೇ ಅಂಥ ಮುಗಿಯದ ಸಂಖ್ಯೆ. ಎಲ್ಲೋ ನಿಲ್ಲಿಸಿ, ಕೂದಲೆಳೆಯಷ್ಟು ಕಡಿಮೆ ಇಟ್ಟುಕೊಂಡು, ನಮಗೆ ಮಾತ್ರ 8.2 ಎಂದೇ ತೋರಿಸುತ್ತದೆ. ರೌಂಡ್ ಆಗಿದ್ದರೆ ಆ ಕೂದಲೆಳೆಯನ್ನು ಕ್ಷಮಿಸುತ್ತಿತ್ತು. ಫ್ಲೋರ್‌ಗೆ ಕ್ಷಮೆ ಗೊತ್ತಿಲ್ಲ, 819ಕ್ಕೆ ಇಳಿಸಿತು. 8.25ಕ್ಕೆ ಏನೂ ಆಗುವುದಿಲ್ಲ, 8.20ಕ್ಕೆ ಆಗುತ್ತದೆ. ಇಪ್ಪತ್ತೆಂಟನೆಯವನ ನಿಜವಾದ ಸರಾಸರಿ 8.195. ಬಾಲವಿದ್ದವನು ಒಳಗೆ, ಬಾಲವಿಲ್ಲದವಳು ಹೊರಗೆ. ಇದೆಲ್ಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇತ್ತು. ಬಿಡಿಸಿ ಪಾಠ ಮಾಡಿದವನು ನಾನೇ.

ಐದು ಗಂಟೆಗೆ ಹುಶಾನು ಅವರ ಕೋಣೆಗೆ ಹೋದೆ. ಅವರು ಮೇಜಿನ ಮೇಲೆ ಟೋಪಿ ಇಟ್ಟುಕೊಂಡು ಮನೆಗೆ ಹೊರಡುವುದರಲ್ಲಿದ್ದರು.

"ಎಷ್ಟು ಜನಕ್ಕೆ ಹೀಗಾಗಿದೆ?" ಎಂದರು.

"ಇಬ್ಬರಿಗೆ ಸಾರ್. ಒಬ್ಬನಿಗೇನೂ ನಷ್ಟ ಇಲ್ಲ. ಒತಿಲಿಯಾ ಅಂತ ಒಬ್ಬಳ ಜಾಗ ಹೋಗಿದೆ."

"ಹಾಗಾದ್ರೆ ಅವಳು ಅರ್ಜಿ ಕೊಡ್ಲಿ. ತಕರಾರಿಗೆ ನಾಳೆ ಎರಡು ಗಂಟೆವರೆಗೂ ಟೈಮಿದೆ. ಅರ್ಜಿ ಬಂದ್ರೆ ನೋಡೋಣ."

"ಅವಳಿಗೆ ಗೊತ್ತಿದ್ರೆ ತಾನೇ ಸಾರ್ ಕೊಡೋದು?"

"ಅದಕ್ಕೆ ನಾನೇನ್ ಮಾಡ್ಲಿ? ಚರ್ಚಿನ ಗಂಟೆ ಹೊಡೆಸ್ಲಾ?" ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ದನಿ ಇಳಿಸಿದರು. "ನೋಡು ಕೊಸ್ತಾಕೆ. ಐದು ಜನರ ಸಹಿ ಬಿದ್ದಿರೋ ಪಟ್ಟಿ ಅದು. ಬುಧವಾರ ಇಪ್ಪತ್ತಾರು ಶಾಲೆಯವರ ಮುಂದೆ ನಿನ್ನ ಪ್ರೋಗ್ರಾಮ್ ತೋರಿಸ್ತಿದ್ದೀಯ. ಹೋಗಿ, ನನ್ನ ಪ್ರೋಗ್ರಾಮಿಗೆ ಭಾಗಾಕಾರ ಬರಲ್ಲ ಅಂತ ಹೇಳ್ತೀಯಾ? ಹೇಳು. ನಾನೇನೂ ನಿನ್ನ ಬಾಯಿ ಮುಚ್ಚಿಲ್ಲ."

ನಿಜ, ಅವರು ಮುಚ್ಚಲಿಲ್ಲ. ಎಲ್ಲ ಪಾಪವನ್ನೂ ಅವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನಾನು ಎಷ್ಟೋ ವರ್ಷ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ. ಆ ಕೋಣೆಯಿಂದ ಹೊರಬರುವಾಗ ನನ್ನ ಬಾಯಿ ನನ್ನದೇ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೋದಾಗ ವೆತಕ್ಕ ತಲೆ ಎತ್ತದೆ ಕೇಳಿದರು. "ನೋಡಿದ್ರಾ?"

"ನೋಡ್ದೆ."

"ಏನಿತ್ತು?"

"ನೀವು ಹೇಳಿದ್ದೇ ಸರಿ."

ಆಗ ತಲೆ ಎತ್ತಿದರು. ಆ ಮುಖದಲ್ಲಿ ಗೆದ್ದ ಸಂತೋಷ ಎಳ್ಳಷ್ಟೂ ಇರಲಿಲ್ಲ. "ಸರಿ. ಅವಳು ಹತ್ತು ಗಂಟೆಗೆ ಕಡತ ವಾಪಸ್ ತಗೊಳ್ಳೋಕೆ ಬರ್ತಾಳೆ. ಇಲ್ಲೇ ಇರಿ" ಎಂದರು.

ಒತಿಲಿಯಾ ಬಂದಾಗ ಹತ್ತಾಗಿ ಐದು ನಿಮಿಷ. ಪಾಳಿ ಮುಗಿಸಿ ನೇರ ಬಂದಿದ್ದಳು, ಕೈಗಳಿಂದ ಕ್ಲೋರಿನ್ ವಾಸನೆ. ವೆತಕ್ಕ ಅವಳ ಕಡತ ತೆಗೆದರು. ಜನನ ಪತ್ರ, ಸಂಜೆ ಶಾಲೆಯ ಪ್ರಮಾಣಪತ್ರ, ಆರೋಗ್ಯ ಚೀಟಿ ಎಲ್ಲವನ್ನೂ ತಗಡಿನ ಪಟ್ಟಿಯಿಂದ ಬಿಡಿಸದೆ ಹಾಗೇ ಅವಳ ಮುಂದಿಟ್ಟರು. ಆದರೆ ಕೈ ಮಾತ್ರ ಕಡತದ ಮೇಲಿಂದ ತೆಗೆಯಲಿಲ್ಲ.

"ಒತಿಲಿಯಾ, ಮೇಷ್ಟ್ರು ನಿನಗೇನೋ ಹೇಳ್ಬೇಕಂತೆ."

ಅವಳು ನನ್ನ ಕಡೆ ತಿರುಗಿದಳು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆಯಾಗಲು ಇನ್ನೂ ಸುಮಾರು ನಾಲ್ಕು ಗಂಟೆ ಇತ್ತು. ಅರ್ಜಿಗೆ ಅರ್ಧ ಹಾಳೆ ಸಾಕು, ನಾನೇ ಬರೆದು ಕೊಡಬಹುದಿತ್ತು. "ಯಂತ್ರ ತಪ್ಪಿದೆ, ತಪ್ಪು ನನ್ನದು." ಅಷ್ಟೇ ಹೇಳಬೇಕಿದ್ದದ್ದು. ಬುಧವಾರಕ್ಕೆ ಇಸ್ತ್ರಿ ಮಾಡಿಸಿಟ್ಟಿದ್ದ ಅಂಗಿ ನೆನಪಾಯಿತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಅಂಗಿ ನೆನಪಾಗುತ್ತದೆ, ಥೂ.

"ಎದೆಗುಂದಬೇಡಿ ಒತಿಲಿಯಾ. ಅಂಗರಚನೆಯಲ್ಲಿ ನಿಮ್ಮದು ಮೇಲಿನ ಅಂಕಗಳಲ್ಲೊಂದು. ಮುಂದಿನ ವರ್ಷ ಖಂಡಿತ ಬರೀರಿ" ಎಂದೆ.

ಅವಳ ಕಣ್ಣು ತುಂಬಿತು. "ಮುಂದಿನ ವರ್ಷ ಈ ದೇಶದಲ್ಲೇ ಇರಲ್ಲ ಮೇಷ್ಟ್ರೇ. ಬೊಲೊನ್ಯಾದಲ್ಲಿ ಒಬ್ಬ ಅಜ್ಜಿನ ನೋಡ್ಕೊಳ್ಳೋ ಕೆಲಸ ಇದೆ, ನಮ್ಮ ನಾದಿನಿ ಹೇಳಿದ್ಲು. ಶನಿವಾರದ ಬಸ್ಸಿಗೆ ಹೋಗ್ತೀನಿ. ಇನ್ನೊಂಚೂರು ಓದಿದ್ರೆ ಬಂದಿರೋದು, ತಪ್ಪು ನಂದೇ. ನೂರನೇ ಒಂದು ಭಾಗ, ನೋಡಿ!" ಎಂದು ನಕ್ಕಳು. "ಇಷ್ಟು ದೊಡ್ಡವರು ಎರಡು ಒಳ್ಳೇ ಮಾತಾಡಿದ್ರಲ್ಲ, ಅದೇ ಸಾಕು."

ವೆತಕ್ಕ ನಿಧಾನವಾಗಿ ಕಡತದ ಮೇಲಿನ ಕೈ ತೆಗೆದರು. ಒತಿಲಿಯಾ ಇಬ್ಬರಿಗೂ ವಂದಿಸಿ ಹೋದಳು.

ಆಮೇಲೆ ಎರಡು ಗಂಟೆಯವರೆಗೂ ವೆತಕ್ಕ ಏನೂ ಬರೆಯಲಿಲ್ಲ, ಯಾರನ್ನೂ ಗದರಲಿಲ್ಲ. ಗಡಿಯಾರ ನೋಡುವರು, ನನ್ನನ್ನು ನೋಡುವರು. ನಾನು ಮೂರು ಸಲ ಏನೋ ನೆಪ ಮಾಡಿ ಹೊರಗೆ ಹೋಗಿ ಬಂದೆ. ಎರಡು ಹೊಡೆದ ಮೇಲೆ ತಕರಾರಿನ ಪುಸ್ತಕಕ್ಕೆ ಗೆರೆ ಎಳೆದು ಮುಚ್ಚಿದರು. ಸೋಮವಾರ ನಿವೃತ್ತಿಯ ಅರ್ಜಿ ಕೊಟ್ಟರು. ಪೂರ್ತಿ ಪಿಂಚಣಿಗೆ ಇನ್ನೂ ಎರಡು ವರ್ಷ ಇತ್ತು. ಹುಶಾನು "ಯಾಕೆ ವೆತಕ್ಕ, ಇಷ್ಟು ಅವಸರ?" ಎಂದು ತಮಾಷೆ ಮಾಡಿದರು.

ಬುಧವಾರ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಪ್ರೋಗ್ರಾಮ್ ತೋರಿಸಿದೆ. ಅಷ್ಟರಲ್ಲಿ ತಿದ್ದಿದ್ದೆ: ಮೊದಲು ಆರು ಅಂಕಿಗೆ ರೌಂಡ್, ಆ ಮೇಲೆ ಫ್ಲೋರ್. ಎರಡು ನಿಮಿಷದ ಕೆಲಸ. ಚಪ್ಪಾಳೆ ಬಿತ್ತು, ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ ಸಿಕ್ಕಿತು, ನನ್ನ ಹೆಂಡತಿ ಅದನ್ನು ಗೋಡೆಗೆ ಹಾಕಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಯಾರಿಗೂ ಗೊತ್ತೇ ಆಗಲಿಲ್ಲ, ಹುಶಾನು ಬಿಟ್ಟರೆ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಆ ಒಬ್ಬರನ್ನು ಎಂಟು ವರ್ಷ ತಪ್ಪಿಸಿಕೊಂಡು ಓಡಾಡಿದೆ. ಮಾರ್ಕೆಟ್ಟಿನಲ್ಲಿ ಕಂಡರೆ ಆಲೂಗಡ್ಡೆ ಗಾಡಿಯ ಹಿಂದೆ ಸರಿಯುತ್ತಿದ್ದೆ. ಕೊನೆಗೊಂದು ಜೂನ್‌ನಲ್ಲಿ, ಆಕೆಗೆ ಕಾಯಿಲೆ ಜೋರಾಗಿದೆ ಎಂದು ಕೇಳಿ, ಮೂರನೇ ಮಹಡಿಯ ಆ ಪುಟ್ಟ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕೂತು ಹೇರ್‌ಪಿನ್ನಿನಿಂದ ಹುಳಿ ಚೆರ್ರಿಯ ಬೀಜ ತೆಗೆಯುತ್ತಿದ್ದರು. ಮಣಿಕಟ್ಟು ಕಡ್ಡಿಯಂತಾಗಿತ್ತು.

"ವೆತಕ್ಕ, ಆ ಒತಿಲಿಯಾ ವಿಷಯದಲ್ಲಿ ನಾನು ತಪ್ಪು ಮಾಡ್ದೆ" ಎಂದೆ.

"ತಪ್ಪು ಮಾಡಿದ್ದು ನಿಮ್ಮ ಫ್ಲೋರೋ ಏನೋ, ಅದು. ನೀವು ಮಾಡಿದ್ದಕ್ಕೆ ತಪ್ಪು ಅನ್ನಲ್ಲ ಮೇಷ್ಟ್ರೇ. ಬೇರೆ ಹೆಸರಿದೆ." ಇನ್ನೊಂದು ಚೆರ್ರಿ ತೆಗೆದುಕೊಂಡರು. "ನಾನೇನು ಸಾಚಾ ಅಲ್ಲ. ಬಾಯಿ ಬಿಟ್ರೆ ಪಿಂಚಣಿ ಇರಲ್ಲ ಅಂತ ಹುಶಾನು ಅವತ್ತು ಬೆಳಿಗ್ಗೇನೇ ಕರೆಸಿ ಹೆದರಿಸಿದ್ದ. ಹೆದರ್ದೆ. ನೀವು ಹೇಳ್ತೀರಿ, ಹೇಳ್ತೀರಿ ಅಂತ ಎರಡು ಗಂಟೆವರೆಗೂ ಕಾದೆ. ಅಷ್ಟು ಹೊತ್ತು ನಾನೇ ಹೇಳ್ಬಹುದಿತ್ತಲ್ಲಾ?"

ಬೀಜ ತೆಗೆದ ಚೆರ್ರಿಯನ್ನು ಬಟ್ಟಲಿಗೆ ಹಾಕಿದರು.

"ಅವಳಿಗೆ ಗೊತ್ತು" ಎಂದರು.

"ಏನು?"

"ಯಂತ್ರದ ತಪ್ಪಿನಿಂದ ಜಾಗ ಹೋಯ್ತು ಅಂತ. ಅವಳು ಊರು ಬಿಟ್ಟ ತಿಂಗಳೇ ಕಾಗದ ಬರೆದೆ. ನಿನ್ನ ಓದು ಸರಿಯಾಗೇ ಇತ್ತು ಕಣೇ ಅಂತ ಬರೆದೆ. ಅದಾದ್ರೂ ಗೊತ್ತಾಗ್ಬೇಕಲ್ಲ ಅವಳಿಗೆ. ವಾಪಸ್ ಬರೆದ್ಲು. ಏನಂತ ಗೊತ್ತಾ?" ಹೇರ್‌ಪಿನ್ ಕೆಳಗಿಟ್ಟು, ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದರು. "'ವೆತಕ್ಕ, ಇದನ್ನ ಮೇಷ್ಟ್ರಿಗೆ ಮಾತ್ರ ಹೇಳ್ಬೇಡಿ. ಪಾಪ, ಅಷ್ಟು ಮರ್ಯಾದೆಯಿಂದ ಮಾತಾಡಿಸಿದ್ರು. ಗೊತ್ತಾದ್ರೆ ತುಂಬ ನೊಂದ್ಕೋತಾರೆ.'"

ನಾನು ಕೇಳಿದೆ. "ನನಗೆ ಅವತ್ತೇ ಗೊತ್ತಿತ್ತು ಅಂತ ನೀವು ಬರೀಲಿಲ್ವಾ?"

"ಬರೀಲಿಲ್ಲ. ಅದು ನೀವು ಬರೀಬೇಕಾದ ಕಾಗದ. ವಿಳಾಸ ಕೊಡ್ಲಾ?"

ವಿಳಾಸ ಬರೆದುಕೊಂಡು ಬಂದೆ. ವೆತಕ್ಕ ಆ ಚಳಿಗಾಲ ದಾಟಲಿಲ್ಲ. ಒತಿಲಿಯಾ ಈಗಲೂ ಬೊಲೊನ್ಯಾದಲ್ಲೇ ಇದ್ದಾಳೆ, ಮೂರನೆಯ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಳೆ, ಅಲ್ಲೂ ಸೂಜಿ ಮುಟ್ಟುವಂತಿಲ್ಲ ಎಂದು ಅವಳ ನಾದಿನಿ ಮೊನ್ನೆ ಹೇಳಿದಳು. ನಾನು ಇಲ್ಲಿ ಇಷ್ಟುದ್ದ ಬರೆದಿದ್ದೇನೆ, ಅವಳಿಗೆ ಇನ್ನೂ ಒಂದು ಸಾಲು ಬರೆದಿಲ್ಲ.